ಹಸಿರು ಬಣ್ಣಕ್ಕೆ ಹೆದರುತ್ತಿದ್ದವರು

ಮೇಡಂ ಅವರ ಬಲಗೈ ನಡುಬೆರಳಿನ ಗೆಣ್ಣು ಬೋರೆಹಣ್ಣಿನಷ್ಟು ಊದಿಕೊಂಡಿತ್ತು. ಬಲಗೈ ಎಂದು ಬರೆಯುತ್ತಿದ್ದೇನೆ, ಎಡಗೈ ಇದ್ದರೂ ಇರಬಹುದು. ಎದುರಿಗೆ ಕುಳಿತು ನೋಡಿದ ಕೈ ಅದು, ಕನ್ನಡಿಯಲ್ಲಿ ಕಂಡ ಹಾಗೆ ನೆನಪಿನಲ್ಲಿ ಅದಲುಬದಲಾಗಿರಬಹುದು. ಮುಂದೆ ಬರೆಯಲಿರುವ ಇನ್ನೂ ಕೆಲವು ವಿವರಗಳ ಗತಿಯೂ ಹೀಗೇ ಆಗಿರಬಹುದೆಂಬ ಭಯ ನನಗಿದೆ. ಆ ಗೆಣ್ಣಿನ ಸದ್ದಿನ ಬಗ್ಗೆ ಮಾತ್ರ ಅನುಮಾನವಿಲ್ಲ. ಟಕ್, ಟಕ್. ಒಣ ಮರದ ಮೇಲೆ ಸಣ್ಣ ಕಲ್ಲು ಬಿದ್ದಂತೆ.

ಅವರು ಎಲ್ಲವನ್ನೂ ತಟ್ಟಿ ನೋಡುತ್ತಿದ್ದರು. ಮಾರುಕಟ್ಟೆಯಲ್ಲಿ ಕಲ್ಲಂಗಡಿ, ಮನೆಯಲ್ಲಿ ಗ್ಯಾಸ್ ಸಿಲಿಂಡರು, ತರಗತಿಯಲ್ಲಿ ತೂಕಡಿಸುವವರ ಡೆಸ್ಕು. ತೆರೆದಿದ್ದ ಬಾಗಿಲನ್ನೂ ತಟ್ಟಿಯೇ ಒಳಗೆ ಬರುವರು. ವಿಶಾಖಪಟ್ಟಣದ ಅವರ ಕ್ವಾರ್ಟರ್ಸಿನಲ್ಲಿ ಕರೆಗಂಟೆ ಇರಲಿಲ್ಲ. ಹಾಕಿಸಬಾರದೇ ಎಂದು ಒಮ್ಮೆ ಕೇಳಿದಾಗ, "ಬೆಲ್ಲಿಗೆ ಕರೆಂಟ್ ಬೇಕಮ್ಮಾ. ಬೆರಳಿಗೆ ಏನು ಬೇಕು?" ಎಂದಿದ್ದರು.

ಅವರು ಬಳ್ಳಾರಿ ಕಡೆಯವರು, ವಿಜಯವಾಡದ ತೆಲುಗು ಮನೆಗೆ ಸೊಸೆಯಾಗಿ ಹೋದವರು. ನಾನು ಚಿತ್ರದುರ್ಗದ ಬ್ಯಾಂಕ್ ನೌಕರನ ಮಗಳು. ಅಪ್ಪನಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ಬಂದವರು ಅಲ್ಲೇ ಉಳಿದುಬಿಟ್ಟೆವು. ಎಂ.ಎ. ತರಗತಿಯ ಮೊದಲ ದಿನ ಹಾಜರಿ ಕೂಗುತ್ತ ನನ್ನ ಹೆಸರಿನ ಹತ್ತಿರ ನಿಂತು, ಇಡೀ ತರಗತಿಯ ಎದುರು ಕನ್ನಡದಲ್ಲೇ ಕೇಳಿದರು: "ಮನೇಲಿ ಕನ್ನಡ ಇನ್ನೂ ಉಸಿರಾಡ್ತಾ ಐತಾ, ಇಲ್ಲಾ ತೆಲುಗು ನುಂಗಿಬಿಡ್ತಾ?" ಇದೆ ಎನ್ನುವುದನ್ನೂ ನಾನು ತೆಲುಗಿನಲ್ಲೇ "ಉಂದಿ ಮೇಡಂ" ಎಂದೆ. ಅವರು ನಕ್ಕ ನಗುವಿಗೆ ಕಾರಣ ತಿಳಿಯದೆ ಉಳಿದವರೆಲ್ಲ ನನ್ನನ್ನೇ ನೋಡಿದರು.

ಎರಡನೇ ವರ್ಷ ನನ್ನ ಪ್ರಬಂಧಕ್ಕೆ ಅವರೇ ಮಾರ್ಗದರ್ಶಿ. ವಿಷಯವನ್ನೂ ಅವರೇ ಕೊಟ್ಟರು: ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಹಾದಿಯಲ್ಲಿ ಭಾರತ ಎಷ್ಟು ದೂರ ಬಂದಿದೆ, ಬಾಂಗ್ಲಾದೇಶ ಎಷ್ಟು ದೂರ ಬಂದಿದೆ. ಇವೆರಡೇ ದೇಶ ಯಾಕೆ ಎಂದು ಕೇಳಿದೆ. "ಎರಡಕ್ಕೂ ಒಂದೇ ಕೊಲ್ಲಿ, ಒಂದೇ ಗಾಳಿ. ಚಂಡಮಾರುತ ಎದ್ದಾಗ ಯಾರ ಕಡೆ ತಿರುಗುತ್ತೆ ಅಂತ ಕೊನೇ ತನಕ ಅದಕ್ಕೇ ಗೊತ್ತಿರಲ್ಲ. ಹೋಲಿಸೋದಾದ್ರೆ ಒಂದೇ ಭಯ ಇರೋರನ್ನ ಹೋಲಿಸಬೇಕು."

ಭಯ ಎಂಬ ಮಾತನ್ನು ಅವರು ಸುಮ್ಮನೆ ಆಡುತ್ತಿರಲಿಲ್ಲ. ಸಂಜೆ ಬೀಚ್ ರಸ್ತೆಯ ಕಟ್ಟೆಯ ಮೇಲೆ ಎಲ್ಲರೂ ಸಮುದ್ರಕ್ಕೆ ಮುಖ ಮಾಡಿ ಕೂತರೆ ಇವರು ಬೆನ್ನು ಮಾಡಿ ಕೂರುವರು. ಬಸ್ಸುಗಳನ್ನು, ಜೋಳ ಸುಡುವವರನ್ನು, ಸಮುದ್ರ ನೋಡಲು ಬಂದವರ ಮುಖಗಳನ್ನು ನೋಡುವರು. ಒಂದು ಸಂಜೆ ಕಾರಣ ಹೇಳಿದರು. ಅವರು ಮದುವೆಯಾಗಿ ಬಂದ ಹೊಸತರಲ್ಲಿ ಕೃಷ್ಣಾ ನದಿ ಸಮುದ್ರ ಸೇರುವ ಕಡೆ ದೊಡ್ಡ ಚಂಡಮಾರುತ ಬಂದಿತ್ತು. ಆ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದ ನಾದಿನಿ ಅದರಲ್ಲಿ ಹೋದರು.

"ರೇಡಿಯೋ ಇರಲಿಲ್ಲ ಅಂದ್ಕೊಂಡ್ಯಾ? ಇತ್ತು. ಗಾಳಿ ಬರುತ್ತೆ ಅಂತ ಹೇಳೂ ಹೇಳಿತ್ತಂತೆ. ಅವಳ ಗಂಡ ಊರಲ್ಲಿರಲಿಲ್ಲ. ಯಾರಾದ್ರೂ ಬಂದು ಬಾಗಿಲು ಬಡಿದು 'ಏಳಮ್ಮಾ, ನಡಿ' ಅನ್ನದೇ ಆ ಕಾಲದ ಹೆಂಗಸು ಹೊಸಿಲು ದಾಟ್ತಿದ್ದಳಾ?"

ಅವರು ಅಳಲಿಲ್ಲ. ಕೂತಿದ್ದ ಕಟ್ಟೆಯನ್ನು ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಅವರಂತೆಯೇ ಕೂತಿದ್ದ ನನ್ನ ಬೆನ್ನ ಹಿಂದೆ ಅಲೆಯ ಸದ್ದು ಅದಕ್ಕೂ ಮೊದಲು ಅಷ್ಟು ಹತ್ತಿರದಲ್ಲಿ ಕೇಳಿರಲಿಲ್ಲ.

ಪ್ರಬಂಧದಲ್ಲಿ ನಾನೊಂದು ದೊಡ್ಡ ಕೋಷ್ಟಕ ಮಾಡಿದ್ದೆ. ಎಡಕ್ಕೆ ಭಾರತ, ಬಲಕ್ಕೆ ಬಾಂಗ್ಲಾದೇಶ. ಬಡತನ, ಹಸಿವು, ತಾಯಂದಿರ ಆರೋಗ್ಯ, ಕುಡಿಯುವ ನೀರು ಎಂದು ಸಾಲುಗಳು. ಗುರಿಯ ಹತ್ತಿರವಿದ್ದರೆ ಹಸಿರು ಚೌಕ, ದೂರವಿದ್ದರೆ ಕೆಂಪು. ಕೆಲವು ಸಾಲುಗಳಲ್ಲಿ ನಾವು ಮುಂದಿದ್ದೆವು, ಕೆಲವುಗಳಲ್ಲಿ ಅವರು. ಚಂಡಮಾರುತ, ನೆರೆಗಳ ಮುನ್ನೆಚ್ಚರಿಕೆ ಜನರನ್ನು ತಲುಪುವ ಸಾಲಿನಲ್ಲಿ ಎರಡೂ ಕಡೆ ಹಸಿರು ತುಂಬಿ, ಮೆಚ್ಚುತ್ತಾರೆಂದು ಕಾದು ನಿಂತೆ.

ಮೇಡಂ ಆ ಹಸಿರು ಚೌಕವನ್ನು ಗೆಣ್ಣಿನಿಂದ ತಟ್ಟಿದರು. ಬಾಗಿಲು ತಟ್ಟುವಂತೆಯೇ. ಆಮೇಲೆ ಕಾಗದಕ್ಕೆ ಕಿವಿಯಿಟ್ಟು, "ಒಳಗೆ ಯಾರೂ ಮಾತಾಡ್ತಿಲ್ಲವಲ್ಲೇ" ಎಂದರು.

"ಮೇಡಂ, ಎಚ್ಚರಿಕೆ ತಲುಪಿದೆ ಅಂತ ಎರಡೂ ಸರ್ಕಾರದ ವರದೀಲಿ..."

"ತಲುಪೋದು ಅಂದ್ರೇನಮ್ಮಾ? ಮೆಸೇಜು ಹೋಯ್ತು ಅಂತಾನಾ, ಮನುಷ್ಯ ಬಂದ ಅಂತಾನಾ? ನಿಮ್ಮಪ್ಪನ ಬ್ಯಾಂಕಲ್ಲಿ ನೋಟಿಸು ಅಂಚೆಗೆ ಹಾಕಿದ್ದೀವಿ, ಮುಟ್ಟಿದ ಹಂಗೇ ಅಂತಾರಲ್ಲ, ಹಂಗಾ?"

ಬಾಂಗ್ಲಾದೇಶದ ಕರಾವಳಿಯಲ್ಲಿ ಸ್ವಯಂಸೇವಕರು ಧ್ವನಿವರ್ಧಕ ಹಿಡಿದು, ಬಾವುಟ ಏರಿಸಿ ಮನೆಮನೆಗೆ ಹೋಗುವುದನ್ನೂ, ಅವರಲ್ಲಿ ಹೆಂಗಸರೂ ಇರುವುದನ್ನೂ ನಾನು ಅಡಿಟಿಪ್ಪಣಿಗೆ ತಳ್ಳಿದ್ದೆ. ಅದನ್ನು ಎತ್ತಿ ಅಧ್ಯಾಯದ ಮೊದಲಿಗೆ ಹಾಕಿಸಿದರು. ಅಲ್ಲಿ ಎಲ್ಲವೂ ಸರಿಯಿದೆ ಎಂದು ಅವರೇನೂ ನಂಬಿರಲಿಲ್ಲ. ಅಲ್ಲಿನ ಹಸಿರನ್ನೂ ಅಷ್ಟೇ ಅನುಮಾನದಿಂದ ತಟ್ಟಿದರು. "ಕೆಂಪು ಕಂಡ್ರೆ ಹೆದರಬೇಡ. ಕೆಂಪಿದ್ರೆ ಯಾರೋ ಒಬ್ಬರು ಎದ್ದು ಓಡಾಡ್ತಾರೆ. ಹಸಿರು ಕಂಡಾಗ ಹೆದರು. ಹಸಿರಿದ್ರೆ ಎಲ್ಲರೂ ಮಲಗಿಬಿಡ್ತಾರೆ."

ವಿಭಾಗದ ವಿಚಾರಗೋಷ್ಠಿಯಲ್ಲಿ ನಾನು ಇದನ್ನೆಲ್ಲ ಮಂಡಿಸಿ ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. "ಮೇಡಂ, ಅದೆಲ್ಲ ಸರಿ. ಕೊನೆಗೆ ಗೆದ್ದಿದ್ದು ಯಾರು?" ಸಭೆ ನಕ್ಕಿತು. ಮೇಡಂ ಕೂಡ ನಕ್ಕರು. "ಇನ್ನೂ ನೀರು ಬಂದಿಲ್ಲ ಅಲ್ವಾ ಬಾಬೂ. ಬಂದ ಮೇಲೆ ಹೇಳ್ತೀನಿ." ಅವರು ಇದನ್ನು ತೆಲುಗಿನಲ್ಲಿ ಹೇಳಿದ್ದರು. ನನ್ನ ನೆನಪು ಯಾವಾಗಲೋ ಕನ್ನಡ ಮಾಡಿಕೊಂಡಿದೆ.

ನಿವೃತ್ತಿಯಾದ ಮೇಲೆ ಮೇಡಂ ವಿಜಯವಾಡದ ಗಂಡನ ಮನೆಗೆ ಹೋದರು. ಗಂಡ ಆಗಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮಹಡಿಯನ್ನು ಬಾಡಿಗೆಗೆ ಕೊಟ್ಟು ಕೆಳಗೆ ತಾವಿದ್ದರು. ಮಂಡಿನೋವು ಹೆಚ್ಚಾಗಿತ್ತು. ನಾನು ವಿಶಾಖಪಟ್ಟಣದಲ್ಲೇ ಕಾಲೇಜಿನ ಕೆಲಸಕ್ಕೆ ಸೇರಿದೆ. ಅಷ್ಟರಲ್ಲಿ ಅಪ್ಪನಂತೆಯೇ ಬ್ಯಾಂಕ್ ಸೇರಿದ್ದ ನನ್ನ ಅಣ್ಣನಿಗೆ ವಿಜಯವಾಡದ ಒನ್ ಟೌನ್ ಶಾಖೆಗೆ ವರ್ಗವಾಯಿತು. ಹಬ್ಬಕ್ಕೆ ಅಮ್ಮ ಕಳಿಸಿದ ಹೋಳಿಗೆಯನ್ನು ಮೇಡಂಗೆ ಕೊಟ್ಟು ಬಂದವನು, "ನಿಮ್ಮ ಮೇಡಂ ಡಬ್ಬಾನೂ ತಟ್ಟಿ ನೋಡಿದ್ರು ಕಣೇ" ಎಂದು ಫೋನಿನಲ್ಲಿ ನಕ್ಕಿದ್ದ.

ಬುಡಮೇರು ಹಳ್ಳ ಉಕ್ಕಿ ವಿಜಯವಾಡದೊಳಗೆ ನುಗ್ಗಿದ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಅವರ ಬಡಾವಣೆಯ ಹೆಸರು ಓಡುತ್ತಿತ್ತು. ಫೋನ್ ಮಾಡಿದೆ.

"ಬಂದೈತಮ್ಮಾ ನೀರು. ಚಪ್ಪಲಿ ಎರಡೂ ಜೋಡಿ ತಪ್ಪದೇ ತೇಲ್ತಾ ಇವೆ. ನಮ್ಮ ಮದುವೇಲೂ ನಾವು ಇಷ್ಟು ಒಟ್ಟಿಗೆ ನಡೆದಿರಲಿಲ್ಲ."

ನನಗೆ ನಗು ಬರಲಿಲ್ಲ. ಮಹಡಿಗೆ ಹೋಗಿ ಎಂದೆ. ಮಹಡಿಯವರು ಊರಿಗೆ ಹೋಗಿದ್ದರು, ಹೊರಗಿನ ಮೆಟ್ಟಿಲಿನ ಗ್ರಿಲ್ಲಿಗೆ ಬೀಗ. ನೀರು ಆಗಲೇ ಕಿಟಕಿಯ ಹತ್ತಿರ ಬಂದಿತ್ತು. ಅಣ್ಣನನ್ನು ಕಳಿಸುತ್ತೇನೆ ಎಂದಾಗ ಅವರ ದನಿ ತರಗತಿಯ ದನಿಯಾಯಿತು.

"ಸರೇ, ಬರಲಿ. ಆದ್ರೆ ಕೇಳು. ನಾನು ಹಿಂದಿನ ಕೋಣೇಲಿ ಮಂಚದ ಮೇಲಿದ್ದೀನಿ. ಒಬ್ಬಳೇ ಇರುವಾಗ ಚಿಲಕ ತೆಗೆದ್ರೆ ನೀರು ನುಗ್ಗಿ ನನ್ನ ಕೆಡವಿಬಿಡುತ್ತೆ. ಹೊರಗೆ ಮನುಷ್ಯ ನಿಂತಿದ್ದಾನೆ ಅಂತ ಗೊತ್ತಾದ್ರೆ ಮಾತ್ರ ಇಳಿದು ಬಂದು ತೆಗೀತೀನಿ. ಕರೆಂಟ್ ಹೋಗಿದೆ, ಈ ಮನೇಲಿ ಬೆಲ್ಲಿದ್ರೂ ಕೂಗಲ್ಲ. ಜೋರಾಗಿ ಬಾಗಿಲು ತಟ್ಟೋಕೆ ಹೇಳು."

ಅಣ್ಣನಿಗೆ ಫೋನ್ ಮಾಡಿದೆ. ಲೈನು ಕಡಿದು ಕಡಿದು ಹೋಗುತ್ತಿತ್ತು. ಅವನು ಆಗಲೇ ಹೊರಟು ನಿಂತವನಂತೆ, "ಆಯ್ತು ಆಯ್ತು, ಹೋಗ್ತೀನಿ, ಮನೆ ಗೊತ್ತಲ್ಲ" ಎಂದ.

ಆಮೇಲೆ ಮೇಡಂ ಫೋನ್ ಸ್ವಿಚ್ ಆಫ್. ನಾನು ಕಳಿಸಿದ ಮೆಸೇಜಿಗೆ ಒಂದೇ ಟಿಕ್. ಅಮ್ಮ ಟಿವಿ ಆರಿಸಿದರೆ ನಾನು ಹಾಕುತ್ತಿದ್ದೆ, ನಾನು ಆರಿಸಿದರೆ ಅಮ್ಮ ಹಾಕುತ್ತಿದ್ದಳು. ಅಣ್ಣನಿಗೆ ಈಜು ಬಾರದು. ಮೇಡಂಗೆ ಆಸೆ ತೋರಿಸಿ ಅಣ್ಣನನ್ನು ನೀರಿಗೆ ಇಳಿಸಿದ್ದೇನೆ ಎಂಬುದು ಅಮ್ಮನ ಮುಖ ನೋಡಿದಾಗಲೇ ನನಗೆ ಹೊಳೆದದ್ದು. ಆ ಮಧ್ಯಾಹ್ನ ನಾನು ಹೆದರಿದ್ದು ಯಾರಿಗಾಗಿ? ಒಬ್ಬರ ಬಗ್ಗೆ ಯೋಚಿಸುವಾಗ ಇನ್ನೊಬ್ಬರು ಮುಳುಗುತ್ತಿದ್ದರು.

ಸಂಜೆಯಾಗುವ ಮೊದಲು ಅವನ ಕರೆ ಬಂತು. ಹಲ್ಲು ಕಟಕಟ ಎನ್ನುತ್ತಿತ್ತು. "ಸ್ಕೂಟರ್ ಫ್ಲೈಓವರ್ ಮೇಲೆ ಬಿಟ್ಟು ನಡ್ಕೊಂಡೇ ಹೋದೆ ಕಣೇ. ಎದೆ ಮಟ್ಟ ನೀರು. ಬೆಲ್ ಒತ್ತಿದೆ, ಕಾದೆ, ಮತ್ತೆ ಒತ್ತಿದೆ. ಯಾರೂ ತೆಗೀಲಿಲ್ಲ. ಮೊದಲೇ ಯಾರೋ ಕರ್ಕೊಂಡು ಹೋಗಿರ್ಬೇಕು."

ಆ ಬಾಗಿಲಿನ ಬೀಗ ಹಲಗೆಯೊಳಗೇ ಕೂಡಿಸಿದ್ದು, ಹೊರಗೆ ತೂಗುವಂಥದ್ದಲ್ಲ. ಹೊರಗಿನಿಂದ ನೋಡಿದರೆ ಒಳಗೆ ಜನ ಇರುವುದೂ ಇಲ್ಲದಿರುವುದೂ ಒಂದೇ ತರಹ ಕಾಣುತ್ತದೆ. ನಾನು "ದೇವರು ದೊಡ್ಡವನು, ನೀನು ಮನೆಗೆ ಹೋಗಿ ಮೈ ಒರೆಸಿಕೋ" ಎಂದೆ. ಅಮ್ಮ ದೀಪ ಹಚ್ಚಿದಳು. ನಾವು ಊಟ ಮಾಡಿದೆವು.

ಮರುದಿನ ದೋಣಿಯವರು ಅವರನ್ನು ಹೊರತಂದರು. ನೀರಿನಲ್ಲಿ ನೆನೆದ ಹಾಸಿಗೆಯ ಮೇಲೆ, ಮಂಚದ ತಲೆಕಡೆಯ ಹಲಗೆಗೆ ಆತು ಕೂತಿದ್ದರಂತೆ. ರೈಲು ಓಡಲು ಶುರುವಾದ ಮೇಲೆ ನಾನು ಆಸ್ಪತ್ರೆಗೆ ಹೋದೆ. ಜ್ವರ ಎದೆಗೆ ಇಳಿದಿತ್ತು. ಮಾತು ಮಧ್ಯೆ ಮಧ್ಯೆ ನಿಲ್ಲುತ್ತಿತ್ತು.

"ಹಿಂದಿನ ದಿನವೇ ನನಗೂ ಮಳೆ ಎಚ್ಚರಿಕೆ ಮೆಸೇಜು ಬಂದಿತ್ತಮ್ಮಾ. ಓದಿದ್ದೆ. ಈಗ ನಾನೂ ನಿನ್ನ ಹಸಿರು ಚೌಕದೊಳಗೇ ಇದ್ದೀನಿ."

ನಾನು ಅವರ ಕಾಲಿನ ಹತ್ತಿರ ಕೂತೆ.

"ನಿಮ್ಮಣ್ಣನಿಗೆ ಬರೋಕೆ ಆಗಲಿಲ್ಲ ಅಲ್ವಾ? ಪರವಾಗಿಲ್ಲ. ಅಷ್ಟು ನೀರಲ್ಲಿ ಯಾರು ಬರ್ತಾರೆ? ನಾನಂತೂ ಕಿವಿ ಅಲ್ಲೇ ಇಟ್ಟಿದ್ದೆ."

ಸುಳ್ಳು ಹೇಳಬಹುದಿತ್ತು. ಅಣ್ಣನ ಮಾನ ಉಳಿಯಲೆಂದು ನಿಜ ಹೇಳಿದೆ. "ಬಂದಿದ್ದ ಮೇಡಂ. ಬಾಗಿಲ ತನಕ ಬಂದಿದ್ದ. ಬೆಲ್ ಮಾಡಿದನಂತೆ."

ಅವರು ನನ್ನನ್ನು ನೋಡಿದರು. ಕೋಪವಿರಲಿಲ್ಲ. ಪ್ರಬಂಧದಲ್ಲಿ ತಪ್ಪು ಸಿಕ್ಕಾಗ ನೋಡುತ್ತಿದ್ದ ಹಾಗೆ, ಎಲ್ಲಿ ತಪ್ಪಿತು ಎಂದು ಹುಡುಕುವಂತೆ ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಮಂಚದ ಕಬ್ಬಿಣದ ಪಟ್ಟಿಯನ್ನು ಗೆಣ್ಣಿನಿಂದ ತಟ್ಟಿದರು. ಟಕ್, ಟಕ್. ಪಕ್ಕದ ಹಾಸಿಗೆಯವರು ಯಾರೋ ಕರೆದರೆಂದು ತಿರುಗಿ ನೋಡಿದರು.

ಅದೇ ವಾರ ಮೇಡಂ ತೀರಿಕೊಂಡರು. ನೆರೆಯಲ್ಲಿ ಸತ್ತವರ ಲೆಕ್ಕಕ್ಕೆ ಅವರು ಸೇರಿದರೋ, ಜ್ವರದ ಲೆಕ್ಕಕ್ಕೋ, ನನಗೆ ಗೊತ್ತಿಲ್ಲ. ಈಗ ನಾನು ವಿದ್ಯಾರ್ಥಿಗಳಿಗೆ ಅದೇ ಎರಡು ದೇಶಗಳ ಪಾಠ ಮಾಡುತ್ತೇನೆ. ಹಸಿರು ಚೌಕ ಬಂದ ಕಡೆಯಲ್ಲೆಲ್ಲ ನನ್ನ ಕೈ ತಾನಾಗಿ ಬೋರ್ಡು ತಟ್ಟುತ್ತದೆ. ಒಳಗಿನಿಂದ ಯಾರಾದರೂ ಉತ್ತರ ಕೊಟ್ಟುಬಿಟ್ಟರೆ ಎಂದು ಪ್ರತಿ ಸಲವೂ ಹೆದರುತ್ತಲೇ ಕಿವಿಗೊಡುತ್ತೇನೆ.

ಅಣ್ಣನೊಂದಿಗಿನ ಆ ಫೋನ್ ಕರೆ ನನಗೆ ಎರಡು ತರಹ ನೆನಪಿದೆ. ಒಂದರಲ್ಲಿ ನಾನು ಮೇಡಂ ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಅವನಿಗೆ ಹೇಳುತ್ತೇನೆ. ಇನ್ನೊಂದರಲ್ಲಿ, "ಹಿಂದಿನ ಕೋಣೇಲಿದ್ದಾರೆ" ಎನ್ನುವಾಗಲೇ ಲೈನು ಕಡಿಯುತ್ತದೆ, ಮತ್ತೆ ಸಿಕ್ಕಾಗ ನಾನು "ಹುಷಾರು, ಬೇಗ ಹೋಗು" ಎಂದಷ್ಟೇ ಕೂಗುತ್ತೇನೆ. ಎರಡರಲ್ಲೂ ನನ್ನ ದನಿ ನನ್ನದೇ.

ಅಣ್ಣನಿಗೆ ಈಗ ಕರ್ನಾಟಕಕ್ಕೆ ವರ್ಗವಾಗಿದೆ. ಹೊರಡುವ ಮುಂಚೆ ವಿಶಾಖಪಟ್ಟಣಕ್ಕೆ ಬಂದಿದ್ದ. ಬೀಚ್ ರಸ್ತೆಯ ಕಟ್ಟೆಯ ಮೇಲೆ ಕೂತೆವು, ಅವನು ಸಮುದ್ರದ ಕಡೆ, ನಾನು ರಸ್ತೆಯ ಕಡೆ. ಅವನು ಸುಟ್ಟ ಜೋಳ ಕೊಂಡು ಅರ್ಧ ಮುರಿದು ನನಗೆ ಕೊಟ್ಟ. ಆಗ ಕೇಳಿದೆ. ಹೌದು ಎಂದರೆ ಅವನು ಬದುಕುವುದು ಕಷ್ಟ, ಇಲ್ಲ ಎಂದರೆ ನಾನು. ಅದು ಅವನಿಗೂ ಗೊತ್ತಾಯಿತೆಂದು ಕಾಣುತ್ತದೆ. ಜೋಳ ತಿನ್ನುವುದನ್ನು ನಿಲ್ಲಿಸಿ, ಕತ್ತಲಾಗುವ ತನಕ ನೀರನ್ನೇ ನೋಡುತ್ತ ಕೂತ. ಊರು ಸೇರಿದ ಮೇಲೂ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇವೆ, ಅದೊಂದನ್ನು ಬಿಟ್ಟು. ನಾನು ಕೇಳಿದ್ದು ಇಷ್ಟೇ:

"ಅಣ್ಣಾ, ಬೆಲ್ ಬೇಡ, ಬಾಗಿಲು ತಟ್ಟು ಅಂತ ಅವತ್ತು ನಾನು ನಿನಗೆ ಹೇಳಿದ್ದೆನಾ?"