ಕೇಳದೆ ಮಾಡಿದ ಹನ್ನೆರಡು ಲೆಕ್ಕ

ನ್ಯೂಜಿಲೆಂಡಿನ ಆ ಶಾಲೆಯಲ್ಲಿ ಮೊದಲ ದಿನವೇ ನನಗೆ ಸಿಟ್ಟು ಬಂದದ್ದು ಅಲ್ಲಿನ ಮಕ್ಕಳ ಕಾಲು ನೋಡಿ. ಅಪ್ಪ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ನಾಲ್ಕು ಅಂಗಡಿ ಹತ್ತಿಳಿದು ಕರಿ ಶೂ ಕೊಡಿಸಿದ್ದರು. ಅಲ್ಲಿ ನೋಡಿದರೆ ಅರ್ಧ ಜನ ಬರಿಗಾಲಲ್ಲಿ ಹುಲ್ಲಿನ ಮೇಲೆ ಕೂತು ಊಟ ಮಾಡುತ್ತಿದ್ದಾರೆ. ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ಬರಿಗಾಲಲ್ಲಿ ಶಾಲೆಗೆ ಹೋದರೆ ಮೇಷ್ಟ್ರು ಮನೆಗೇ ಹೇಳಿ ಕಳಿಸುತ್ತಿದ್ದರು. ಈ ಭಾಗ್ಯಕ್ಕೆ ಇಷ್ಟು ದೂರ ಬರಬೇಕಿತ್ತೇ ಅನ್ನಿಸಿತು.

ನಾನು ಒಂದು ವರ್ಷಕ್ಕೆಂದು ಹೋದವಳು. ವಿದ್ಯಾರ್ಥಿ ವಿನಿಮಯ ಯೋಜನೆಯಲ್ಲಿ ನಮ್ಮ ಕಾಲೇಜಿನಿಂದ ನನ್ನೊಬ್ಬಳ ಹೆಸರು ಬಂದಿತ್ತು. ವಯಸ್ಸು ಹದಿನಾರು, ಜಂಬ ಅದಕ್ಕಿಂತ ಜಾಸ್ತಿ. ಆ ಜಂಬ ಇಳಿಯಲು ಎರಡು ವಾರ ಸಾಕಾಯಿತು. ಅವರ ಇಂಗ್ಲಿಷು ನನಗೆ ಅರ್ಥವಾಗುತ್ತಿರಲಿಲ್ಲ, ನನ್ನದು ಅವರಿಗೆ. ಚರಿತ್ರೆಯ ಪ್ರಬಂಧ ವಾಪಸ್ ಬಂದಾಗ ನನ್ನ ನೀಲಿ ಅಕ್ಷರಕ್ಕಿಂತ ಟೀಚರ ಕೆಂಪು ಅಕ್ಷರವೇ ಹೆಚ್ಚಿತ್ತು. ಮಧ್ಯಾಹ್ನ ಎಲ್ಲರೂ ಗುಂಪು ಕಟ್ಟಿಕೊಂಡು ಕೂತರೆ ನಾನು ಲೈಬ್ರರಿಗೆ ಹೋಗಿ ಓದುವ ನಾಟಕ ಮಾಡುತ್ತಿದ್ದೆ.

ಒಂದು ಮಂಗಳವಾರ ನನ್ನ ಪಕ್ಕದ ಬೆಂಚಿನ ಹುಡುಗಿ ಬಂದು ಎದುರಿಗೆ ಕೂತಳು. ಅವಳ ಮನೆಯವರು ಹಸು ಸಾಕುವವರು. ಮುಂದೆ ಪಶುವೈದ್ಯೆ ಆಗಬೇಕೆಂಬುದು ಅವಳ ಹಟ. ನನ್ನ ಪ್ರಬಂಧ ಎಳೆದುಕೊಂಡು, ಒಂದೊಂದು ವಾಕ್ಯವನ್ನೂ ಯಾಕೆ ತಪ್ಪೆಂದು ಹೇಳಿಕೊಟ್ಟಳು. ಅಂದಿನಿಂದ ಪ್ರತಿ ಮಂಗಳವಾರ ಅದೇ ಮೇಜು, ಅದೇ ಕುರ್ಚಿ. ಆ ದೇಶದಲ್ಲಿ ನನ್ನವರು ಅಂತ ಇದ್ದದ್ದು ಅವಳೊಬ್ಬಳೇ.

ಆದರೆ ನನಗೆ ಒಳಗೊಳಗೇ ಕಸಿವಿಸಿ. ನಮ್ಮಲ್ಲಿ ಮುಯ್ಯಾಳು ಅಂತ ಉಂಟು. ಇವತ್ತು ನೀವು ನಮ್ಮ ಹೊಲಕ್ಕೆ ಬಂದು ಒಂದು ದಿನ ಹೊಗೆಸೊಪ್ಪಿನ ಸಸಿ ನೆಟ್ಟರೆ, ನಾಳೆ ನಮ್ಮ ಮನೆಯಿಂದ ಒಂದಾಳು ನಿಮ್ಮ ಹೊಲಕ್ಕೆ. ಬರೀ ಬಾಯಿಮಾತಿನ ಉಪಚಾರ ಅಲ್ಲಿ ನಡೆಯದು. ಒಮ್ಮೆ ಪಕ್ಕದ ಹೊಲದವಳಿಗೆ ಜ್ವರ ಬಂದು ಮಲಗಿದಾಗ ಅಮ್ಮ ಯಾರೂ ಕರೆಯದೆಯೇ ಹೋಗಿ, ಅವಳ ಹೊಲದ ಸಾಲುಗಳನ್ನು ನೆಟ್ಟು ಮುಗಿಸಿ ಬಂದಿದ್ದಳು. ಊರೆಲ್ಲ ಅಮ್ಮನನ್ನು ಹೊಗಳಿತು. ನನಗಂತೂ ಮನುಷ್ಯತ್ವ ಎಂದರೆ ಅದೇ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು.

ಜುಲೈ ಬಂತು. ಅಲ್ಲಿ ಅದು ಚಳಿಗಾಲ, ಹಸುಗಳು ಕರು ಹಾಕುವ ಕಾಲ. ನನ್ನ ಗೆಳತಿ ನಸುಕಿಗೇ ಎದ್ದು ಕರುಗಳಿಗೆ ಹಾಲು ಕುಡಿಸಿ ಬಂದು, ತರಗತಿಯಲ್ಲಿ ತೂಕಡಿಸುತ್ತಿದ್ದಳು. ಒಂದು ಶುಕ್ರವಾರ ಲೈಬ್ರರಿಯಲ್ಲಿ ಅವಳು ತನ್ನ ಗಣಿತದ ಹಾಳೆ ಮರೆತು ಹೋದಳು. ಹನ್ನೆರಡು ಲೆಕ್ಕ, ಒಂದನ್ನೂ ಮಾಡಿರಲಿಲ್ಲ. ನನಗೆ ಅವು ನೀರು ಕುಡಿದಷ್ಟು ಸಲೀಸು. ಸಿಕ್ಕಿತಲ್ಲ ಮುಯ್ಯಿ ತೀರಿಸುವ ಅವಕಾಶ ಎಂದು ಅಲ್ಲೇ ಕೂತು ಹನ್ನೆರಡನ್ನೂ ಮಾಡಿ, ಮೇಲೆ ಅವಳ ಹೆಸರು ಬರೆದು, ಗಣಿತದ ಟೀಚರಿಗೆ ಹಾಳೆ ಒಪ್ಪಿಸುವ ಟ್ರೇಯಲ್ಲಿ ಇಟ್ಟು ಬಂದೆ. ಅಷ್ಟು ಹಗುರಾಗಿ ನಾನು ಆ ದೇಶದಲ್ಲಿ ಒಂದು ದಿನವೂ ನಡೆದಿರಲಿಲ್ಲ.

ಸೋಮವಾರ ಅವಳು ಹಾಳೆ ಹಿಡಿದುಕೊಂಡು ನನ್ನ ಮುಂದೆ ನಿಂತಳು. ಮುಖ ಕೆಂಪಾಗಿತ್ತು.

"ಇದು ನೀನು ಮಾಡಿದ್ದಾ?"

ನಾನು ನಗುತ್ತಾ ಹೌದು ಎಂದೆ. ಹೊಗಳಿಕೆ ಬರುತ್ತದೆ ಎಂದು ಕಾಯುತ್ತಿದ್ದೆ!

"ನನ್ನ ಕೈಲಿ ಆಗಲ್ಲ ಅಂದುಕೊಂಡೆಯಾ? ಶನಿವಾರ ಪೂರ್ತಿ ಈ ಹಾಳೆ ಹುಡುಕಿದ್ದೀನಿ ನಾನು."

ಅಕ್ಷರ ಅವಳದ್ದಲ್ಲ ಎಂದು ಟೀಚರಿಗೆ ಗೊತ್ತಾಗಿತ್ತು. ಆ ಅಂಕ ವರ್ಷದ ಕೊನೆಯ ಫಲಿತಾಂಶಕ್ಕೆ ಸೇರುವಂಥದ್ದು, ಪಶುವೈದ್ಯದ ಸೀಟಿಗೆ ಅದು ಬೇಕೇ ಬೇಕು. ಯಾರು ಬರೆದದ್ದೆಂದು ಬುಧವಾರದೊಳಗೆ ಹೇಳದಿದ್ದರೆ ಸೊನ್ನೆ. ಅವಳು ಹೇಳಿರಲಿಲ್ಲ. "ಹೇಳಿದರೆ ನಿನ್ನನ್ನು ಊರಿಗೆ ಕಳಿಸಿಬಿಡ್ತಾರೆ" ಎಂದಷ್ಟೇ ಹೇಳಿ ಹೊರಟುಹೋದಳು. ಅವಳ ಮಾತು ಸುಳ್ಳಲ್ಲ. ಓದಿನಲ್ಲಿ ಮೋಸ ಮಾಡಿದರೆ ವಾಪಸ್ ಎಂದೇ ಯೋಜನೆಯ ಕಾಗದದಲ್ಲಿ ಬರೆದಿತ್ತು, ಅಪ್ಪ ಅದರ ಕೆಳಗೆ ಸಹಿಯನ್ನೂ ಹಾಕಿದ್ದರು.

ಒಂದು ದಿನ ಸುಮ್ಮನಿದ್ದೆ. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ, ಆದರೆ ಸುಮ್ಮನಿದ್ದದ್ದು ನಿಜ. ಅವಳಾಗಿಯೇ ಬಾಯಿ ಮುಚ್ಚಿಕೊಂಡಿದ್ದಾಳೆ, ನಾನ್ಯಾಕೆ ತೆರೆಯಲಿ ಎಂದು ಮನಸ್ಸು ವಕೀಲಿಕೆ ಮಾಡಿತು. ಮಂಗಳವಾರ ಮಧ್ಯಾಹ್ನ ತಡೆಯಲಾರದೆ ಅಮ್ಮನಿಗೆ ಫೋನು ಮಾಡಿದೆ. ಊರಿನಲ್ಲಿ ಆಗಿನ್ನೂ ಬೆಳಗಿನ ಹೊತ್ತು, ಅಮ್ಮ ಹೊಲಕ್ಕೆ ಹೊರಟು ನಿಂತಿದ್ದಳು. ಅಳುತ್ತಲೇ ಎಲ್ಲ ಹೇಳಿದೆ.

"ಅಲ್ಲ ಕಣವ್ವ, ಮುಯ್ಯಾಳ್ಗೆ ಓದಾಗ ಅವ್ರ ಸಸಿ ನಮ್ ಕೈಲಿ ಮುರ್ದೋದ್ರೆ ಬದಿಗೆ ಎಸ್ದು ಸುಮ್ಕೆ ಬತ್ತೀವಾ? ಒಲ್ದೋರ್ಗೆ ಏಳ್ತೀವಿ ತಾನೆ. ಓಗು, ಏಳ್ಬುಡು."

"ವಾಪಸ್ ಕಳ್ಸ್‌ಬುಟ್ರೆ?"

"ಕಳ್ಸುದ್ರೆ ಬಾ. ಬಸ್‌ಸ್ಟ್ಯಾಂಡ್ಗೆ ನಾನೇ ಬತ್ತೀನಿ. ಸೊಪ್ಪು ಕಟ್ಟಕ್ಕೂ ಒಂದಾಳು ಕಮ್ಮಿ ಅದೆ."

ಅಳು ಬರುತ್ತಿದ್ದರೂ ನಗು ಬಂತು. ಫೋನಿಟ್ಟು ನೆಟ್ಟಗೆ ಗಣಿತದ ಟೀಚರ ಕೋಣೆಗೆ ಹೋದೆ. ಆ ಹಾಳೆ ನನ್ನದು, ಅವಳಿಗೆ ಗೊತ್ತೇ ಇರಲಿಲ್ಲ ಎಂದೆ. ಹೊಗೆಸೊಪ್ಪು, ಸಸಿ, ಜ್ವರ ಬಂದ ಪಕ್ಕದ ಹೊಲದವಳು, ಎಲ್ಲವನ್ನೂ ಒಡಕು ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, "ಹೊಲದ ಕೆಲಸ ಯಾರು ಮಾಡಿದರೂ ಬೆಳೆ ಬರುತ್ತೆ. ಲೆಕ್ಕ ಹಾಗಲ್ಲ" ಎಂದರು. ಅವಳಿಗೆ ಬೇರೆ ಹಾಳೆ ಕೊಟ್ಟರು. ನನ್ನ ಮೇಲೆ ಯೋಜನೆಯವರಿಗೆ ಪತ್ರ ಹೋಯಿತು. ಹತ್ತು ದಿನ ಪೆಟ್ಟಿಗೆ ಕಟ್ಟಿಟ್ಟುಕೊಂಡೇ ಕಾದೆ. ಆಮೇಲೆ ಎಚ್ಚರಿಕೆ ಕೊಟ್ಟು ಉಳಿಸಿಕೊಂಡರು.

ಉಳಿದೇನು ಬಂತು? ಗೆಳತಿ ಮಾತು ಬಿಟ್ಟಿದ್ದಳು. ಕೈಯಿಂದ ಕೆಲಸ ಕಿತ್ತುಕೊಂಡು ಮಾಡಿಕೊಡುವುದು ನಮ್ಮಲ್ಲಿ ಪ್ರೀತಿ. ಬೇಕಾ ಎಂದು ಕೇಳಿದರೆ ಮಾಡಲು ಮನಸ್ಸಿಲ್ಲ ಎಂದೇ ಅರ್ಥ. ಅವಳಿಗೆ ಅದೇ ಪ್ರೀತಿ, ನಿನ್ನ ಕೈಲಿ ಆಗದು ಎಂದು ಮುಖಕ್ಕೆ ಹೇಳಿದ ಹಾಗೆ ಕಂಡಿತ್ತು. ಇದು ನನಗೆ ಹೊಳೆದದ್ದು ನಿಧಾನವಾಗಿ. ಹೊಳೆದ ಮೇಲೂ ನಾನು ಮಾಡಿದ್ದು ಪೂರ್ತಿ ತಪ್ಪು ಎಂದು ಒಪ್ಪಲು ಹಟ ಬಿಡಲಿಲ್ಲ.

ಆಗಸ್ಟಿನ ಒಂದು ಮಂಗಳವಾರ ಲೈಬ್ರರಿಗೆ ಹೋದೆ. ಅವಳು ನಮ್ಮ ಹಳೆಯ ಮೇಜಿನಲ್ಲೇ ಕೂತು ಲೆಕ್ಕ ಮಾಡುತ್ತಿದ್ದಳು. ಎದುರಿನ ಕುರ್ಚಿಯ ಮೇಲೆ ಅವಳ ಬ್ಯಾಗಿತ್ತು. ನನ್ನ ಜನ್ಮದಲ್ಲಿ ಯಾರನ್ನೂ ಕೇಳದ ಮಾತನ್ನು ಅಂದು ಕೇಳಿದೆ.

"ನಾನು ಏನಾದರೂ ಸಹಾಯ ಮಾಡಲಾ?"

"ಬೇಡ" ಎಂದಳು, ತಲೆಯೆತ್ತದೆ.

ಮುಗಿಯಿತು ಎಂದುಕೊಂಡು ತಿರುಗಿದೆ. ಹಿಂದಿನಿಂದ ಸದ್ದಾಯಿತು. ನೋಡಿದರೆ ಅವಳು ಕುರ್ಚಿಯ ಮೇಲಿದ್ದ ಬ್ಯಾಗನ್ನು ನೆಲಕ್ಕೆ ಇಡುತ್ತಿದ್ದಳು.

ಹೋಗಿ ಕೂತೆ. ಅವಳು ನಾಲ್ಕನೆಯ ಲೆಕ್ಕದಲ್ಲಿದ್ದಳು. ಮೂರನೆಯ ಸಾಲಿನಲ್ಲಿ ಒಂದು ಮೈನಸ್ಸು ಬಿಟ್ಟುಹೋಗಿದ್ದು ನನಗೆ ತಲೆಕೆಳಗಾಗಿಯೂ ಕಾಣುತ್ತಿತ್ತು. ಅವಳು ತಪ್ಪಿನ ಮೇಲೆಯೇ ಮುಂದೆ ಮುಂದೆ ಬರೆಯುತ್ತಾ ಹೋದಳು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತೇ ಇದ್ದೆ.