ಮಗ್ಗದ ಗುಂಡಿಯಲ್ಲಿ ನನ್ನ ಗೆಳೆಯ

ನಮ್ಮದು ಮೊಳಕಾಲ್ಮೂರಿನಲ್ಲಿ ಮಗ್ಗದ ಮನೆ. ಪಡಸಾಲೆಯ ಅರ್ಧ ಭಾಗವನ್ನು ಮಗ್ಗವೇ ತಿಂದುಕೊಂಡಿದೆ, ಉಳಿದರ್ಧದಲ್ಲಿ ನಾವು ಉಂಡು ಮಲಗುತ್ತೇವೆ. ಆದರೂ ಆ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂರುವ ಭಾಗ್ಯ ನನಗೆ ಸಿಗಲಿಲ್ಲ. ಮದುವೆಗೆ ಮುಂಚೆ ಅಕ್ಕ ಅಪ್ಪನ ಪಕ್ಕ ಕೂತು ಲಾಳಿಯೊಳಗಿಡುವ ಕಂಡಿಕೆಗೆ ರೇಷ್ಮೆ ಸುತ್ತಬಹುದಿತ್ತು. ಅಪ್ಪ ಊಟಕ್ಕೆ ಎದ್ದಾಗ ಅವ್ವ ಒಂದು ಗೇಣು ನೇಯಬಹುದಿತ್ತು. ಬೆಕ್ಕು ಗುಂಡಿಯೊಳಗೆ ಮರಿಯನ್ನೂ ಹಾಕಬಹುದಿತ್ತು. ನಾನು ಲಾಳಿ ಮುಟ್ಟಿದರೆ ಮಾತ್ರ ಅಪ್ಪನ ಕಣ್ಣು ಕೆಂಪಾಗುತ್ತಿತ್ತು. ಎದ್ದು ಹೋಗಿ ಪುಸ್ತಕ ಹಿಡಿ ಎಂದು ಗದರುತ್ತಿದ್ದ. ಬೆನ್ನಿಗೆ ಬಿದ್ದದ್ದೂ ಉಂಟು. ನಮ್ಮ ಬೀದಿಯಲ್ಲಿ ಮಗ್ಗದ ಮನೆಯಲ್ಲಿ ಹುಟ್ಟಿಯೂ ಮಗ್ಗದ ಕೆಲಸ ಬಾರದ ಗಂಡು ಹುಡುಗ ನಾನೊಬ್ಬನೇ. ಬೇರೆ ಹುಡುಗರು ಅದಕ್ಕೆ ನನ್ನನ್ನು ಅಣಕಿಸುತ್ತಿದ್ದರು. ಅಪ್ಪನಿಗೆ ನನ್ನ ಕೈಯ ಮೇಲೆ ನಂಬಿಕೆಯಿಲ್ಲ ಎಂದೇ ನಾನು ತಿಳಿದುಕೊಂಡೆ. ಮುನಿಸಿನಲ್ಲೇ ಓದಿದೆ, ಮುನಿಸಿನಲ್ಲೇ ಮೆಡಿಕಲ್ ಕಾಲೇಜು ಸೇರಿದೆ.

ಮೂರನೇ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಇಬ್ಬಿಬ್ಬರು ಸೇರಿ ಒಂದು ಸಣ್ಣ ಸಂಶೋಧನೆ ಮಾಡಬಹುದು ಎಂದರು. ನನ್ನ ಜೊತೆಗಾರ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದವನು, ಕರಾವಳಿ ಕಡೆಯವನು. ಬಿಳಿ ಮೈಬಣ್ಣ, ದುಂಡು ಅಕ್ಷರ, ಯಾರನ್ನು ಕಂಡರೂ ಮೊದಲು ನಗುವ ಸ್ವಭಾವ. ವಿಷಯ ಹೊಳೆದದ್ದು ನನಗೆ. ದಿನವಿಡೀ ಲಾಳಿ ಹೊಡೆಯುವ ನೇಕಾರರ ಕೈಯ ಹಿಡಿತ ಬೆಳಿಗ್ಗೆ ಎಷ್ಟಿರುತ್ತದೆ, ಕೆಲಸ ಮುಗಿದ ಮೇಲೆ ಸಂಜೆ ಎಷ್ಟಕ್ಕೆ ಇಳಿಯುತ್ತದೆ, ಅದನ್ನು ಅಳೆಯುವುದು. ನಮಗೆ ಮಾರ್ಗದರ್ಶಕರಾಗಿದ್ದ ಮೇಡಂಗೆ ವಿಷಯ ಬಹಳ ಹಿಡಿಸಿತು. ಹಿಡಿಸಿದ ಮರುಗಳಿಗೆಯಲ್ಲೇ ಒಂದು ಷರತ್ತು ಹಾಕಿದರು. ಸ್ವಂತ ಮನೆಯವರನ್ನು ನಾನು ಅಳೆಯಕೂಡದು, ಅಪ್ಪನ ಕೈಯನ್ನು ಗೆಳೆಯನೇ ಅಳೆಯಬೇಕು. ಮಗ ಎದುರಿಗೆ ಕೂತರೆ ಅಪ್ಪಂದಿರು ಇಲ್ಲದ ಬಲ ತೋರಿಸುತ್ತಾರೆ ಎಂದರು. ಸರಿಯಾದ ಮಾತೇ. ಆದರೆ ನನ್ನ ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದದ್ದು ಅಲ್ಲೇ.

ಹಿಡಿತ ಅಳೆಯುವ ಉಪಕರಣ ನೋಡಲು ಸೈಕಲ್ ಬ್ರೇಕಿನ ಹಾಗೆ. ಹಿಡಿಯನ್ನು ಬಲವಾಗಿ ಹಿಂಡಿದರೆ ಮೇಲಿನ ಮುಳ್ಳು ತಿರುಗಿ ಅಂಕಿ ತೋರಿಸುತ್ತದೆ. ರಜೆಯಲ್ಲಿ ನಾವಿಬ್ಬರೂ ಒಂದೊಂದನ್ನು ಹಿಡಿದು ನಮ್ಮ ಬೀದಿಗೆ ಇಳಿದೆವು. ಎಡಸಾಲಿನ ಮನೆಗಳು ನನಗೆ, ಬಲಸಾಲು ಅವನಿಗೆ, ಬಲಸಾಲಿನಲ್ಲೇ ನಮ್ಮ ಮನೆ. ನಾನು ಊರಿನವನು, ನನಗೆ ಕೆಲಸ ಹೂವೆತ್ತಿದಷ್ಟು ಸುಲಭ ಎಂದುಕೊಂಡಿದ್ದೆ. ಆದದ್ದೇ ಬೇರೆ. ಎಡಸಾಲಿನಲ್ಲಿ ಹಿಡಿತ ಎನ್ನುವುದೇ ಯಾರಿಗೂ ಇರಲಿಲ್ಲ. ಮುಂಜಾನೆಯಿಂದ ಮಗ್ಗ ಜಗ್ಗುವ ಗಂಡಸು ನನ್ನ ಉಪಕರಣ ಹಿಡಿದರೆ ಹಸುಗೂಸಿನಷ್ಟೂ ಹಿಂಡುತ್ತಿರಲಿಲ್ಲ. ಮೂರನೇ ಮನೆಯ ದೊಡ್ಡಪ್ಪನಂತೂ ಹಿಂಡುವ ಮೊದಲೇ ಉಸ್ಸೆಂದು ನರಳಿ ಗೋಡೆಗೊರಗಿದರು.

ಕಾರಣ ಅವ್ವನಿಂದ ಗೊತ್ತಾಯಿತು. ಕೈಯಲ್ಲಿ ಬಲ ಕಡಿಮೆ ಇದ್ದವರ ಹೆಸರು ಸರ್ಕಾರಕ್ಕೆ ಹೋಗುತ್ತದೆ, ಅವರಿಗೆ ಪಿಂಚಣಿ ಬರುತ್ತದೆ, ನಮ್ಮ ಹುಡುಗನೇ ಬರೆದುಕೊಳ್ಳುತ್ತಿದ್ದಾನೆ, ನಮಗೆ ಮೋಸ ಆಗಲಿಕ್ಕಿಲ್ಲ ಎಂದು ಬೀದಿಯಲ್ಲಿ ಸುದ್ದಿ ಹಬ್ಬಿತ್ತು. ನನ್ನ ಮೇಲಿನ ಪ್ರೀತಿಯೇ ನನ್ನ ಕೆಲಸ ಕೆಡಿಸಿತ್ತು. ನಾನು ಮನೆಮನೆಗೆ ಹೋಗಿ ಹಾಗೇನೂ ಇಲ್ಲ ಎಂದರೆ, ಗೊತ್ತೈತೆ ಗೊತ್ತೈತೆ ಎಂದು ಕಣ್ಣು ಮಿಟುಕಿಸಿದರು. ಗೆಳೆಯ ಹೊರಗಿನವನು, ಅವನಿಂದ ಯಾರಿಗೂ ಯಾವ ಆಸೆಯೂ ಇರಲಿಲ್ಲ. ಅವನ ಎದುರು ಬಲಸಾಲಿನ ಗಂಡಸರು ಒಬ್ಬರಿಗಿಂತ ಒಬ್ಬರು ಮೇಲಾಗಿ, ಹಲ್ಲು ಕಚ್ಚಿ ಹಿಂಡಿದರು.

ಮೇಡಂ ಫೋನಿನಲ್ಲಿ ಎಲ್ಲ ಕೇಳಿ ನಕ್ಕರು. ಎಡಸಾಲನ್ನೂ ಗೆಳೆಯನೇ ಮತ್ತೊಮ್ಮೆ ಅಳೆಯಲಿ, ನೀವು ಚಳ್ಳಕೆರೆಗೆ ಹೋಗಿ ಶೇಂಗಾ ಎಣ್ಣೆ ಮಿಲ್ಲಿನ ಹಮಾಲರನ್ನು ಅಳೆದು ತನ್ನಿ, ಹೋಲಿಸಿ ನೋಡಲು ಬೇರೆ ದುಡಿಮೆಯ ಕೈಗಳೂ ಬೇಕಲ್ಲ ಎಂದರು. ಅಂದರೆ ನನ್ನ ವಿಷಯ, ನನ್ನ ಬೀದಿ, ನನ್ನ ಮನೆ ಎಲ್ಲ ಅವನ ಪಾಲಿಗೆ. ನನ್ನ ಪಾಲಿಗೆ ಬಸ್ಸು.

ನಸುಕಿನಲ್ಲಿ ಹೊರಟು ತಳಕು ಎಂಬ ಊರಿನ ಮೇಲೆ ಹಾಯ್ದು ಚಳ್ಳಕೆರೆ ಸೇರುತ್ತಿದ್ದೆ. ಮಿಲ್ಲಿನ ಅಂಗಳದಲ್ಲಿ ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಅಡರುತ್ತಿತ್ತು. ಹಮಾಲರು ಒಳ್ಳೆಯ ಜನ. ಚೀಲ ಇಳಿಸಿ ಬಂದವರು ಬೆವರಿನ ಕೈಯನ್ನು ಲುಂಗಿಗೆ ಒರೆಸಿಕೊಂಡು ಹಿಂಡಿದರೆ ಮುಳ್ಳು ಕೊನೆಗೇ ಹೋಗಿ ಬಡಿಯುತ್ತಿತ್ತು. ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡು ಬಂದು ನನಗೂ ಕೊಡುತ್ತಿದ್ದರು. ಕೆಲಸದಲ್ಲಿ ಕೊರತೆ ಏನೂ ಇರಲಿಲ್ಲ. ಆದರೆ ನನ್ನ ಮನಸ್ಸು ಅಲ್ಲಿರಲಿಲ್ಲ. ಈಗ ಅಪ್ಪನ ಎದುರಿಗೆ ಅವನು ಕೂತಿರುತ್ತಾನೆ, ಈಗ ಅಪ್ಪನ ಅಂಗೈ ಅವನ ಕೈಯಲ್ಲಿರುತ್ತದೆ ಎಂದು ನೆನೆಯುತ್ತಾ ಬೇರೆಯವರ ಅಂಕಿ ಬರೆದುಕೊಳ್ಳುತ್ತಿದ್ದೆ. ಅಪ್ಪನ ಅಂಗೈಯನ್ನು ನಾನು ಬಿಡಿಸಿ ನೋಡಿದ ನೆನಪೇ ನನಗಿರಲಿಲ್ಲ.

ಸಂಜೆ ಮನೆಗೆ ಬಂದರೆ ದಿನಕ್ಕೊಂದು ಹೊಸ ಸುದ್ದಿ. ಕರಾವಳಿಯ ಹುಡುಗನಿಗೆ ಮುದ್ದೆ ಇಳಿಯುವುದಿಲ್ಲವೆಂದು ಅವ್ವ ಎರಡು ಹೊತ್ತೂ ಅನ್ನ ಮಾಡತೊಡಗಿದಳು. ನನಗೆ ಮಾತ್ರ ಅದೇ ಮುದ್ದೆ. ಎದುರುಮನೆಯ ಅಜ್ಜಿ ಅವನಿಗೆ ತೆಲುಗು ಕಲಿಸಿದ್ದಳು. ಉಂಡೆಯಾ ಎನ್ನಲು ತಿನ್ನಾವಾ ಎಂದು ಅವಳು ಕೇಳಿದರೆ, ತಿನ್ನಾನು ಅವ್ವಾ ಎಂದು ಅವನು ಉತ್ತರ ಕೊಡುವನು, ಬೀದಿಗೆ ಬೀದಿಯೇ ನಗುವುದು. ಮೊದಮೊದಲು ಅಪ್ಪನನ್ನು ಅಂಕಲ್ ಎನ್ನುತ್ತಿದ್ದವನು ಒಂದು ವಾರದೊಳಗೆ ಅಪ್ಪ ಎನ್ನತೊಡಗಿದ. ಹಾಗೆ ಕರೆದಾಗೆಲ್ಲ ನನಗೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಂತೆ ಆಗುತ್ತಿತ್ತು.

ಇನ್ನೂ ಉರಿದದ್ದು ಮಾತಿಗೆ. ನಾನು ಕೇಳಿದ್ದಕ್ಕೆ ಹೂಂ, ಇಲ್ಲ ಎಂದಷ್ಟೇ ಉತ್ತರಿಸುವ ಅಪ್ಪ ಇವನೊಂದಿಗೆ ಬಾಯಿ ತುಂಬ ಮಾತಾಡುತ್ತಿದ್ದ. ತಾನು ಚಿಕ್ಕವನಿದ್ದಾಗ ಸೋದರಮಾವನ ಮಗ್ಗದಲ್ಲಿ ಕೆಲಸ ಕಲಿತದ್ದು, ತಪ್ಪಿದಾಗ ಮಾವ ಊಟ ಕೊಡದೆ ಕೂರಿಸಿದ್ದು, ಮದುವೆಯಲ್ಲಿ ಅವ್ವ ಉಟ್ಟ ಸೀರೆಯನ್ನು ತಾನೇ ನೇಯ್ದದ್ದು, ಇವೆಲ್ಲ ನನಗೆ ತಿಳಿದದ್ದು ಬಾಗಿಲಾಚೆ ನಿಂತು ಕದ್ದು ಕೇಳಿ. ನನ್ನ ಅಪ್ಪನ ಕತೆಯನ್ನು ನಾನು ಕಳ್ಳನಂತೆ ಕೇಳಬೇಕಾಯಿತು. ಗೆಳೆಯ ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ರಾತ್ರಿ ನನ್ನ ಪಕ್ಕ ನನ್ನದೇ ಚಾಪೆಯಲ್ಲಿ ಮಲಗಿ, ನಿನ್ನ ಅಪ್ಪ ಎಷ್ಟು ಒಳ್ಳೆಯವರು ಮಾರಾಯಾ ಎಂದು ಹೊಗಳುತ್ತಿದ್ದ. ನಾನು ಮಗ್ಗುಲು ಬದಲಿಸಿ ಗೊರಕೆ ಹೊಡೆದಂತೆ ನಟಿಸುತ್ತಿದ್ದೆ.

ಅವನು ತನ್ನೂರಿಗೆ ಹೊರಡುವ ಹಿಂದಿನ ದಿನ ಚಳ್ಳಕೆರೆಯ ಕೆಲಸ ಮುಗಿಸಿಕೊಂಡು ಸಂಜೆಗೆ ಮೊದಲೇ ಮನೆಗೆ ಬಂದೆ. ಆ ಮಧ್ಯಾಹ್ನ ಅಪ್ಪ ಸೀರೆ ಮುಗಿಸಿ ಮಗ್ಗದಿಂದ ಕೊಯ್ದಿದ್ದ. ಸೀರೆ ಕೊಯ್ದ ಮೇಲೆ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ, ತುದಿಯಲ್ಲಿ ಸ್ವಲ್ಪ ಉಳಿಯುತ್ತದೆ. ಅದು ಸೀರೆಗೆ ಸಾಲದು, ಕತ್ತರಿಸಿ ಎಸೆಯುವಂಥದ್ದು. ಒಳಗೆ ಕಾಲಿಟ್ಟರೆ ಆ ನೂಲಿನ ಮುಂದೆ, ಮಗ್ಗದ ಗುಂಡಿಯಲ್ಲಿ ಪ್ಯಾಂಟು ಮಡಚಿ ಕಾಲು ಇಳಿಬಿಟ್ಟು ಗೆಳೆಯ ಕೂತಿದ್ದಾನೆ. ಅಪ್ಪ ಹಿಂದೆ ಕುಕ್ಕರಗಾಲಲ್ಲಿ ಕೂತು ಅವನ ಮಣಿಕಟ್ಟು ಹಿಡಿದು ಲಾಳಿ ಹೊಡೆಸುತ್ತಿದ್ದಾನೆ. ಅವ್ವ ಕಂಬಕ್ಕೊರಗಿ ನೋಡುತ್ತಿದ್ದಾಳೆ. ನಾಲ್ಕು ಬೆರಳಗಲ ಬಟ್ಟೆ ಆಗಲೇ ಬಿದ್ದಿತ್ತು.

ಮೈ ಹೊತ್ತಿ ಉರಿಯಿತು. ಆದರೆ ಬಾಯಿಂದ ಬಂದದ್ದು ಸಂಶೋಧಕನ ಮಾತು. ಸಂಜೆಯ ಅಳತೆಗೆ ಮುಂಚೆ ಅಪ್ಪನ ಕೈಗೆ ಬೇರೆ ಕೆಲಸ ಕೊಡಬಾರದು, ಇವತ್ತಿನ ಅಂಕಿ ಕೆಟ್ಟಿತು, ಇದು ಶಿಸ್ತಲ್ಲ ಎಂದು ಗೆಳೆಯನಿಗೆ ಭಾಷಣ ಬಿಗಿದೆ. ಅವನು ನಾಚಿ ಎದ್ದ. ಇರ್ಲಿ ಬಿಡಲೇ, ಹುಡುಗ ಆಸೆಪಟ್ಟ ಎಂದ ಅಪ್ಪ. ನಾನೂ ಆಸೆಪಟ್ಟಿದ್ದೆ. ಬರೀ ಆಸೆಯಲ್ಲ, ಏಟನ್ನೂ ತಿಂದಿದ್ದೆ.

ಮರುದಿನ ಅವ್ವ ಅವನಿಗೆ ಶೇಂಗಾಪುಡಿಯ ಪೊಟ್ಟಣ ಕಟ್ಟಿಕೊಟ್ಟಳು. ಅಪ್ಪ ಅವನ ಚೀಲವನ್ನು ತಾನೇ ಹೊತ್ತು ಬಸ್ ಸ್ಟ್ಯಾಂಡಿನವರೆಗೆ ಹೋದ. ನಾನು ಹಾಸ್ಟೆಲಿಗೆ ಹೊರಟಾಗ ಅಪ್ಪ ಎಂದೂ ಮಗ್ಗ ಬಿಟ್ಟು ಎದ್ದವನಲ್ಲ. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ವರದಿ ಈಗಲೂ ನಮ್ಮ ಕಾಲೇಜಿನ ಕಪಾಟಿನಲ್ಲಿದೆ. ಹೆಚ್ಚು ಕೈಗಳನ್ನು ಅಳೆದವನು ಅವನಾದ್ದರಿಂದ ಮೊದಲ ಹೆಸರು ಅವನದು, ಎರಡನೆಯದು ನನ್ನದು. ನ್ಯಾಯವೇ. ಆದರೂ ಆ ಕಪಾಟಿನ ಮುಂದೆ ಹಾಯುವಾಗ ನಾನು ಬೇರೆ ಕಡೆ ನೋಡುತ್ತೇನೆ.

ಬಸ್ ಹತ್ತಿಸಿ ಬಂದ ಅಪ್ಪ ಕೈಕಾಲು ತೊಳೆದು ಮಗ್ಗದ ಕಡೆ ನಡೆದ. ಉಳಿದ ನೂಲನ್ನು ಕತ್ತರಿಸಿ ತೆಗೆಯುವುದಿತ್ತು. ನಾನು ಅಡ್ಡ ನಿಂತೆ. ಅವನಿಗೆ ಕಲಿಸಿದೆ, ನನಗೆ ಯಾಕೆ ಕಲಿಸಲಿಲ್ಲ ಎಂದು ಕೇಳಿಯೇಬಿಟ್ಟೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. ಅವ್ವ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

ಅಪ್ಪ ಕತ್ತರಿ ಕೆಳಗಿಟ್ಟ. "ಅವನಿಗೆ ಕಲ್ಸಿದ್ರೆ ಏನ್ ಆಗ್ತೈತೆ? ಬಸ್ ಹತ್ತಿ ಹೋಗೋನು. ಅವನಿಗೆ ಇದು ಆಟ."

ನನಗೂ ಅದು ಆಟವೇ ಆಗಿತ್ತಲ್ಲ, ಅಷ್ಟು ಚಿಕ್ಕವನನ್ನು ಹೊಡೆಯಬೇಕಿತ್ತೇ ಎಂದೆ.

"ನಿಂದು ಆಟ ಆಗಿರ್ಲಿಲ್ಲ" ಎಂದ ಅಪ್ಪ. "ನೀನು ಎರಡ್ನೇ ಕ್ಲಾಸಿನಾಗ ಇದ್ದಿ. ನಾನು ನೂಲು ತರಾಕೆ ಹೋಗಿದ್ದೆ. ಬಂದು ನೋಡ್ತೀನಿ, ನೀನು ನೇಯ್ತಿದ್ದಿ. ಕೂತ್ರೆ ಕಾಲು ಎಟುಕ್ತಿರ್ಲಿಲ್ಲ, ಗುಂಡಿಯಾಗ ನಿಂತ್ಕಂಡು ತುಳೀತಿದ್ದಿ. ಒಂದು ಎಳೆ ತಪ್ಪಿರ್ಲಿಲ್ಲ ಕಣಲೇ. ಅಂಚು ಗೆರೆ ಎಳ್ದಂಗೆ ಬಂದಿತ್ತು. ನಂಗೆ ಹಂಗ್ ಬರಾಕೆ ಮೂರು ವರ್ಷ ಹಿಡೀತು. ಆವತ್ತು ನಂಗೆ ಹೆದ್ರಿಕೆ ಆತು. ಇವನೂ ನನ್ನಂಗೆ ಈ ಗುಂಡಿಯಾಗೇ ಉಳೀತಾನೆ ಅಂತ."

ಆ ದಿನ ನನಗೆ ನೆನಪಿಲ್ಲ. ಎಷ್ಟು ಕೆದಕಿದರೂ ನೆನಪಿಗೆ ಬರುವುದು ಬೆನ್ನ ಮೇಲಿನ ಏಟು, ಏಟಿಗೆ ಮೊದಲಿನ ಬಟ್ಟೆ ಅಲ್ಲ. ಗೆಳೆಯನ ಮೇಲಿದ್ದ ಹೊಟ್ಟೆಕಿಚ್ಚು ಆ ಗಳಿಗೆಯಲ್ಲಿ ಅವನನ್ನು ಬಿಟ್ಟು ಆ ಎರಡನೇ ಕ್ಲಾಸಿನ ಹುಡುಗನ ಮೇಲೆ ತಿರುಗಿತು. ಅಪ್ಪನನ್ನು ಹೆದರಿಸುವಷ್ಟು ಒಳ್ಳೆಯ ಕೈ ಅವನಿಗಿತ್ತು. ಆ ಕೈ ನನ್ನದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಹಾಗಾದರೆ ಈಗ ಕೂರುತ್ತೇನೆ ಎಂದೆ. ಅಪ್ಪ ಬೇಡವೆನ್ನಲಿಲ್ಲ, ಪಕ್ಕಕ್ಕೆ ಸರಿದ. ನಾನು ಗುಂಡಿಗೆ ಕಾಲು ಇಳಿಸಿದೆ. ಒಳಗಿನ ಮಣ್ಣು ತಣ್ಣಗಿತ್ತು. ಅಪ್ಪ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತ. ನನ್ನ ಮಣಿಕಟ್ಟನ್ನು ಹಿಡಿಯಲಿಲ್ಲ. ಕಾಲಲ್ಲಿ ತುಳಿದೆ, ಲಾಳಿ ಹೊಡೆದೆ. ಅದು ಅರ್ಧ ಹಾದಿಯಲ್ಲಿ ನೂಲಿಗೆ ಸಿಕ್ಕಿ ನಿಂತಿತು. ಮತ್ತೆ ಹೊಡೆದೆ, ಆಚೆ ದಡ ದಾಟಿ ಹೋಗಿ ನೆಲಕ್ಕೆ ಬಿತ್ತು. ಅಪ್ಪ ಎತ್ತಿಕೊಟ್ಟ. ಕೈಗೂ ಕಾಲಿಗೂ ತಾಳವೇ ಕೂಡಲಿಲ್ಲ. ಒಂದು ಎಳೆ ಕಡಿಯಿತು, ಅದನ್ನು ಅಪ್ಪ ಗಂಟು ಹಾಕುವಷ್ಟರಲ್ಲಿ ಇನ್ನೊಂದು ಕಡಿಯಿತು. ಒಂದು ಬೆರಳಿನಷ್ಟು ನೇಯುವುದರಲ್ಲಿ ಕತ್ತು ಬೆವರಿತು. ನನ್ನ ಅಂಚು ಹಲ್ಲು ಮುರಿದ ಬಾಚಣಿಗೆಯ ಹಾಗೆ ಒಳಹೊರಗಾಗಿತ್ತು. ಅದರ ಪಕ್ಕದಲ್ಲೇ ಗೆಳೆಯನ ನಾಲ್ಕು ಬೆರಳಗಲದ ಬಟ್ಟೆ ನೆಟ್ಟಗಿತ್ತು. ಅಪ್ಪನೇ ಕೈ ಹಿಡಿದಿದ್ದನಲ್ಲ, ಸೊಟ್ಟ ಹೇಗಾದೀತು.

ಅಪ್ಪ ಬಗ್ಗಿ ನನ್ನ ನೇಯ್ಗೆಯ ಮೇಲೆ ಬೆರಳಾಡಿಸಿದ. ಬೈಗುಳಕ್ಕೆ ನಾನು ತಯಾರಾಗಿದ್ದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅಪ್ಪನ ಮುಖ, ಮಗುವಿನ ಜ್ವರ ಇಳಿದದ್ದನ್ನು ಮುಟ್ಟಿ ನೋಡಿದವರ ಮುಖದಂತೆ ಸಡಿಲವಾಯಿತು. ಅವ್ವನ ಕಡೆ ತಿರುಗಿದ.

"ಹೋಗೈತೆ ಕಣೇ, ನೇಯ್ಗೆ ಕೈಯಿಂದ ಪೂರ್ತಿ ಹೋಗೈತೆ. ಇನ್ನ ಭಯ ಇಲ್ಲ" ಎಂದು ನಕ್ಕ.

ಅಷ್ಟು ಹಗುರಾಗಿ ಅಪ್ಪ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅವ್ವ ಎದ್ದು ಬಂದು ಬಟ್ಟೆ ನೋಡಿ ತಾನೂ ನಕ್ಕಳು. ಅವರಿಬ್ಬರೂ ನನ್ನ ತಲೆಯ ಮೇಲೆ ನಗುತ್ತಾ ನಿಂತಿದ್ದರು. ನಾನು ಲಾಳಿ ಕೈಯಲ್ಲಿ ಹಿಡಿದುಕೊಂಡು ಗುಂಡಿಯಲ್ಲೇ ಕೂತಿದ್ದೆ, ಏಳಲು ಮನಸ್ಸಾಗಲಿಲ್ಲ.