ಜೀನ್ ಟೆಸ್ಟ್ ಬೇಡ ಅಂದವರು

ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಕಂಪನಿಯವರು ವರ್ಷಕ್ಕೊಮ್ಮೆ ಮಾಡಿಸುವ ಚೆಕಪ್‌ನಲ್ಲಿ ನನ್ನ ಗಂಡನ ರಕ್ತದಲ್ಲಿ ಪಿಎಸ್‌ಎ ಹೆಚ್ಚು ಬಂತು. ಬಯಾಪ್ಸಿ ಆಯಿತು.

ಪ್ರಾಸ್ಟೇಟ್ ಕ್ಯಾನ್ಸರ್.

ಜ್ವರವಿದ್ದರೂ ಲೋಕಲ್ ರೈಲು ಹಿಡಿದು ಡ್ಯೂಟಿಗೆ ಹೋಗುವ ಮನುಷ್ಯ, ಆಪರೇಷನ್ ಆದಮೇಲೆ ಪ್ಯಾಡ್ ಹಾಕಿಕೊಂಡು ಐರೋಲಿಯ ಮನೆಯಲ್ಲಿ ಮುದುಡಿ ಕುಳಿತರು. ಸೀನಲೂ ಭಯ. ಸೀನಿದರೆ ಒದ್ದೆ.

"ನಾನೂ ಹಡದಾಕಿ ಅದೀನ್ರಿ. ಸೀನಿದ್ರ ಏನಾಗ್ತದ ಅಂತ ನನ್ನ ಕೇಳ್ರಿ," ಎಂದೆ. ಎಷ್ಟೋ ದಿನಗಳ ಮೇಲೆ ನಕ್ಕರು.

ಹೆದರಿದವರ ಮೇಲೆ ಹಾವು ಎಸೆದ ಹಾಗೆ, ಡಾಕ್ಟರು ಇನ್ನೊಂದು ಮಾತು ತೆಗೆದರು. ತೆಗೆದ ಗ್ರಂಥಿಯ ಅಂಚಿನವರೆಗೂ ರೋಗ ಬಂದಿತ್ತಂತೆ. ಈಗಲೇ ರೇಡಿಯೇಷನ್ ಕೊಡಬೇಕೋ, ಕಾದು ನೋಡಬೇಕೋ ಎಂದು ತೀರ್ಮಾನಿಸಲು ಒಂದು ಜೀನ್ ಟೆಸ್ಟ್ ನೆರವಾಗುತ್ತದೆ, ರೋಗ ಮರಳುವ ಸಾಧ್ಯತೆಯ ಅಂದಾಜು ಸಿಗುತ್ತದೆ ಎಂದರು.

"ಬ್ಯಾಡ," ಎಂದು ಇವರು ಎದ್ದೇಬಿಟ್ಟರು.

ಕಾರಣ ಮನೆಯಲ್ಲಿ ಹೊರಬಿತ್ತು. ಮಗಳು ಶ್ರುತಿಗೆ ಕಲ್ಯಾಣದಲ್ಲಿರುವ ವಿಜಯಪುರದವರ ಸಂಬಂಧ ಕುದುರುತ್ತಿತ್ತು. ನಮ್ಮಲ್ಲಿ ಹೆಣ್ಣು ತರುವ ಮುಂಚೆ ಮನೆತನದ ರೋಗರುಜಿನವನ್ನೆಲ್ಲ ಕೆದಕುತ್ತಾರೆ. ಆಪರೇಷನ್ನನ್ನೂ ಹರ್ನಿಯಾ ಎಂದೇ ಹೇಳಿದ್ದೆವು.

"ಜೀನ್ ಅಂದ್ರ ಮನಿತನದ ರಕ್ತ. ರಿಪೋರ್ಟ್‌ನ್ಯಾಗ ಬಂತಂದ್ರ ಕೂಸಿನ ಹಣಿಮ್ಯಾಲೆ ಬರದಂಗ," ಎಂದರು.

ಸಿಟ್ಟು ಬಂತು. ಪಾಪ ಅಂತಲೂ ಅನಿಸಿತು. ಮಗಳ ಮದುವೆಗಾಗಿ ತಮ್ಮ ಜೀವವನ್ನೇ ಪಣಕ್ಕಿಡಲು ಹೊರಟಿದ್ದರು.

"ಪಪ್ಪಾ, ಪೆಹಲೇ ಸುನೋ ತೋ, ಮೊದಲ ಪೂರ್ತಿ ಕೇಳ್ರಿ," ಎಂದು ಶ್ರುತಿಯೇ ಅವರನ್ನು ಮತ್ತೆ ಡಾಕ್ಟರ ಬಳಿ ಎಳೆದೊಯ್ದಳು. ಈ ಟೆಸ್ಟ್ ನಿಮ್ಮ ವಂಶದ್ದಲ್ಲ, ತೆಗೆದ ಗಡ್ಡೆಯದು ಎಂದು ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಗಡ್ಡೆಯೊಳಗಿನ ಜೀನ್‌ಗಳು ಎಷ್ಟು ಚುರುಕಾಗಿವೆ ಎಂದಷ್ಟೇ ಅದರಲ್ಲಿ ನೋಡುತ್ತಾರಂತೆ. ಇವರು ಒಪ್ಪಿದರು.

ಅಪಾಯ ಕಡಿಮೆ ಎಂದು ಬಂತು. ಕಡಿಮೆ ಅಷ್ಟೇ, ಇಲ್ಲವೇ ಇಲ್ಲ ಎಂದಲ್ಲ. ಸದ್ಯಕ್ಕೆ ರೇಡಿಯೇಷನ್ ಬೇಡ, ಆಗಾಗ ಪಿಎಸ್‌ಎ ನೋಡುತ್ತಿರೋಣ ಎಂದರು ಡಾಕ್ಟರು. ಆ 'ಕಡಿಮೆ'ಯನ್ನೇ ಪ್ರಸಾದದಂತೆ ಕಣ್ಣಿಗೊತ್ತಿಕೊಂಡೆ.

ಹುಡುಗನ ಕಡೆಯವರು ಬಂದ ದಿನ ನಾನು ಅವಲಕ್ಕಿ ಹಂಚುತ್ತಿದ್ದೆ. ಇವರು ಗಂಟಲು ಸರಿಮಾಡಿಕೊಂಡರು.

"ಹರ್ನಿಯಾ ಅಂತ ಸುಳ್ಳ ಹೇಳಿದ್ವಿರಿ. ನನಗ ಆಗಿದ್ದು ಪ್ರಾಸ್ಟೇಟ್ ಕ್ಯಾನ್ಸರ್. ಆಪರೇಷನ್ ಆಗೇದ, ಟೆಸ್ಟ್ ಇನ್ನೂ ನಡದಾವ."

ಹುಡುಗನ ತಂದೆ ಮಾತನ್ನು ಬೇರೆ ಕಡೆ ಹೊರಳಿಸಿದರು. ಸಂಬಂಧ ತಪ್ಪಿತು ಎಂದುಕೊಂಡೆ.

ಹೊರಡುವಾಗ ಉಳಿದವರು ಲಿಫ್ಟಿನತ್ತ ನಡೆದರು. ಹುಡುಗನ ತಂದೆ ಮಾತ್ರ ಚಪ್ಪಲಿ ಮೆಟ್ಟುವ ನೆಪದಲ್ಲಿ ಬಾಗಿಲಲ್ಲೇ ಉಳಿದರು.

"ನಂದೂ ಪಿಎಸ್‌ಎ ಜಾಸ್ತಿ ಬಂದದ್ರಿ," ಎಂದರು, ತಗ್ಗಿದ ದನಿಯಲ್ಲಿ. "ಮಗನ ಮದುವಿ ಆಗ್ಲಿ ಅಂತ ಮನಿಯಾಗ ಯಾರಿಗೂ ಹೇಳಿಲ್ಲ."

ಇವರು ಅವರ ಕೈ ಹಿಡಿದುಕೊಂಡರು.

"ಮದುವಿ ಮಾತು ಆಮ್ಯಾಲ. ನಾಳೆ ನನ್ನ ಜೋಡಿ ಡಾಕ್ಟರ ಹತ್ರ ಬರ್ರಿ."